ಪದವಿಯ ಕಚೇರಿ: ಹಾಡುಗಾರರಿಗೆ ಹದಿಮೂರು ಸೂತ್ರಗಳು

ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದಲ್ಲಿ ಓದುತ್ತಿರಿ, ಮಾನಸಗಂಗೋತ್ರಿಯಲ್ಲಿ ಓದುತ್ತಿರಿ, ಬೆಂಗಳೂರಿನ ಜ್ಞಾನಭಾರತಿಯಲ್ಲಿ ಓದುತ್ತಿರಿ, ಕರ್ನಾಟಕ ಸಂಗೀತದ ಹಾಡುಗಾರಿಕೆ ಆರಿಸಿಕೊಂಡವರು ಕೊನೆಗೆ ಪರೀಕ್ಷಕರ ಎದುರು ಕೂತು ಹಾಡಲೇಬೇಕು. ಒಳ್ಳೆಯ ಕಂಠ, ಒಳ್ಳೆಯ ಪಾಠಾಂತರ ಎರಡೂ ಇರುವ ಮಕ್ಕಳು ಅಂದು ಮಂಕಾಗುವುದನ್ನು ಎಲ್ಲ ವಿಭಾಗಗಳೂ ನೋಡಿವೆ. ಹೆಚ್ಚಿನ ಸಲ ಕಾರಣ ಒಂದೇ: ಮೊದಲೇ ತೀರ್ಮಾನಿಸಬಹುದಾಗಿದ್ದ ಸಂಗತಿಗಳನ್ನು ಕೊನೆಯ ತಿಂಗಳಿಗೆ ಉಳಿಸಿಕೊಂಡಿರುತ್ತಾರೆ. ಮನೋಧರ್ಮಕ್ಕೆ ಬಿಡುವಾದ ಮನಸ್ಸು ಬೇಕು. ಆ ಬಿಡುವನ್ನು ಯೋಜನೆಯಿಂದ ಸಂಪಾದಿಸಿಕೊಳ್ಳಬೇಕು.

1. ನಿಯಮ ಮೊದಲು, ರಾಗ ಆಮೇಲೆ

ಪಠ್ಯಕ್ರಮದ ಪ್ರತಿ ತೆಗೆದುಕೊಂಡು ಪೆನ್ಸಿಲ್ ಹಿಡಿದು ಓದಿ. ಎಷ್ಟು ಹೊತ್ತು ಹಾಡಬೇಕು? ರಾಗ-ತಾನ-ಪಲ್ಲವಿ ಕಡ್ಡಾಯವೇ? ಪಟ್ಟಿ ನಿಮ್ಮದೋ, ಪರೀಕ್ಷಕರು ಕೇಳಿದ್ದನ್ನು ಹಾಡಬೇಕೋ? ಪಕ್ಕವಾದ್ಯದವರನ್ನು ವಿಭಾಗವೇ ಕರೆಸುತ್ತದೆಯೋ, ನೀವು ಕರೆತರಬೇಕೋ? ಹೋದ ವರ್ಷ ಮುಗಿಸಿದ ಅಕ್ಕಂದಿರನ್ನು ಕೇಳಿದರೆ ಅನುಭವ ಸಿಗುತ್ತದೆ, ನಿಯಮ ಸಿಗುವುದಿಲ್ಲ. ನಿಯಮಕ್ಕೆ ವಿಭಾಗದ ಮುಖ್ಯಸ್ಥರನ್ನೇ ಕೇಳಿ.

2. ಪಟ್ಟಿ ಆರು ತಿಂಗಳ ಮೊದಲೇ ಗಟ್ಟಿಯಾಗಲಿ

ಗುರುಗಳ ಬಳಿ ಕೂತು ಬೇಕಾದುದಕ್ಕಿಂತ ಒಂದೂವರೆ ಪಟ್ಟು ಕೃತಿಗಳನ್ನು ಬರೆದುಕೊಳ್ಳಿ. ಎರಡು ತಿಂಗಳು ಎಲ್ಲವನ್ನೂ ಹಾಡಿ, ಆಮೇಲೆ ಕತ್ತರಿಸಿ. ಕತ್ತರಿಸಲು ಅಳತೆಗೋಲು ಒಂದೇ: ನೆಗಡಿಯಾದ ದಿನ, ನಿದ್ದೆಗೆಟ್ಟ ದಿನ ಇದನ್ನು ಹಾಡಬಲ್ಲೆನೆ? ತಾರಸ್ಥಾಯಿಯ ಪಂಚಮ ಚೆನ್ನಾಗಿದ್ದ ದಿನ ಮಾತ್ರ ಸಿಗುವುದಾದರೆ ಆ ಸಂಗತಿಯನ್ನು ನೆಚ್ಚಿದ ಕೃತಿ ಈ ಕಚೇರಿಗೆ ಬೇಡ. ಅದನ್ನು ಮುಂದಿನ ವರ್ಷ ಹಾಡುವಿರಂತೆ. ಪ್ರಧಾನ ರಾಗ ಕಡೇಪಕ್ಷ ಎರಡು ವರ್ಷದಿಂದ ಬಾಯಲ್ಲಿ ಪಳಗಿದ್ದಾಗಿರಲಿ. ತೋಡಿ ದೊಡ್ಡ ರಾಗ ಎಂಬ ಕಾರಣಕ್ಕೆ ಹೊಸದಾಗಿ ತೋಡಿಗೆ ಕೈಹಾಕುವುದಕ್ಕಿಂತ, ಬಾಲ್ಯದಿಂದ ಬಂದ ಕಲ್ಯಾಣಿಯನ್ನು ನೆಮ್ಮದಿಯಾಗಿ ಇಪ್ಪತ್ತು ನಿಮಿಷ ಬೆಳೆಸುವುದು ಮೇಲು.

3. ರಾಗ, ತಾಳ, ನಡೆ: ನೆರೆಹೊರೆ ನೋಡಿ ಜೋಡಿಸಿ

ಇಂದಿನ ಕಚೇರಿಯ ರೂಪಕ್ಕೆ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ (1890–1967) ಒಂದು ಹದ ಹಾಕಿಕೊಟ್ಟರು. ವರ್ಣದಿಂದ ಶುರು, ಚುರುಕು ಕೃತಿಗಳು, ನಡುವೆ ಭಾರವಾದುದು, ಕೊನೆಗೆ ಹಗುರಾದ ರಚನೆಗಳು. ಅದು ಇಂದಿಗೂ ನಡೆಯುತ್ತಿರುವುದು ಹಾಡುವವರ ಗಂಟಲಿಗೂ ಕೇಳುವವರ ಕಿವಿಗೂ ಅನುಕೂಲವಾದ್ದರಿಂದ. ಆ ಚೌಕಟ್ಟಿನೊಳಗೆ ನೋಡಬೇಕಾದ್ದು ಇಷ್ಟು. ಒಂದೇ ಮೇಳದ ಛಾಯೆಯ ರಾಗಗಳು ಒಂದರ ಹಿಂದೊಂದು ಬಾರದಿರಲಿ: ಶಂಕರಾಭರಣದ ಪಕ್ಕದಲ್ಲಿ ಬಿಲಹರಿ, ಕಾಂಭೋಜಿಯ ಬೆನ್ನಿಗೇ ಖಮಾಚ್ ಇಟ್ಟರೆ ಎರಡೂ ಸೊರಗುತ್ತವೆ. ಪಂತುವರಾಳಿಯೋ ಪೂರ್ವಿಕಲ್ಯಾಣಿಯೋ, ಒಂದಾದರೂ ಪ್ರತಿಮಧ್ಯಮ ರಾಗಕ್ಕೆ ವಿಸ್ತಾರದ ಜಾಗ ಕೊಡಿ. ಎಲ್ಲವೂ ಆದಿತಾಳವಾಗದಿರಲಿ, ರೂಪಕ, ಮಿಶ್ರಛಾಪು, ಖಂಡಛಾಪು ಬಂದರೆ ಮೃದಂಗದವರಿಗೂ ಹುರುಪು. ಆಲಾಪನೆ, ನೆರವಲ್, ಸ್ವರಪ್ರಸ್ತಾರ ಮೂರನ್ನೂ ಎಲ್ಲ ಕಡೆ ಮಾಡುವ ಆಸೆ ಬಿಡಿ. ಒಂದು ಕೃತಿಗೆ ಸ್ವರ ಮಾತ್ರ, ಇನ್ನೊಂದಕ್ಕೆ ಚಿಕ್ಕ ಆಲಾಪನೆ ಮಾತ್ರ, ಪ್ರಧಾನಕ್ಕೆ ಎಲ್ಲವೂ.

4. ನಿಮಿಷಗಳನ್ನು ಕಾಗದದ ಮೇಲೆ ಬರೆಯಿರಿ

ತೊಂಬತ್ತು ನಿಮಿಷದ ಕಚೇರಿಗೆ ನಾನು ಹೇಳುವ ಲೆಕ್ಕ: ಎರಡು ಕಾಲದಲ್ಲಿ ವರ್ಣ 6 ನಿಮಿಷ, ಗಣಪತಿಯ ಮೇಲಿನ ಕೃತಿ ಚುಟುಕು ಸ್ವರದೊಂದಿಗೆ 6, ಆಲಾಪನೆಯಿರುವ ಮಧ್ಯಮ ಗಾತ್ರದ ಕೃತಿ 14, ಒಂದು ಚೌಕಕಾಲದ ರಚನೆ 10, ಚುರುಕಾದ ಬಿಡಿ ಕೃತಿ 4, ತನಿ ಆವರ್ತನವೂ ಸೇರಿ ಪ್ರಧಾನ 34, ಉಗಾಭೋಗ-ದೇವರನಾಮ-ತಿಲ್ಲಾನ 11, ಮಂಗಳ 2. ಒಟ್ಟು 87. ಉಳಿದ ಮೂರು ನಿಮಿಷ ಶ್ರುತಿ ಸರಿಮಾಡಿಕೊಳ್ಳಲು ಬೇಕೇ ಬೇಕು. ಪರೀಕ್ಷಕರು ನಡುವೆ “ಸಾಕು, ಪ್ರಧಾನಕ್ಕೆ ಹೋಗಿ” ಎನ್ನುವುದುಂಟು. ಯಾವುದನ್ನು ಬಿಟ್ಟರೆ ಕಚೇರಿ ಕುಂಟುವುದಿಲ್ಲ ಎಂದು ಮೊದಲೇ ಗುರುತು ಹಾಕಿಕೊಂಡಿರಿ. ಮುಂದಿನ ಸಾಲಿನಲ್ಲಿ ಗಡಿಯಾರ ನೋಡುವ ಗೆಳತಿಯೊಬ್ಬಳು ಕೂತಿರಲಿ.

5. ನಮ್ಮ ಊರಿನ ವಾಗ್ಗೇಯಕಾರರು ಪಟ್ಟಿಯಲ್ಲಿರಲಿ

ಇದನ್ನು ಒತ್ತಿ ಹೇಳುತ್ತೇನೆ. ತ್ರಿಮೂರ್ತಿಗಳಿಲ್ಲದೆ ಕಚೇರಿಯಿಲ್ಲ, ನಿಜ. ಆದರೆ ಮೈಸೂರಿನಲ್ಲಿ ಕೂತು ಸಂಗೀತದ ಪದವಿ ಪಡೆಯುವವರು ಮೈಸೂರು ವಾಸುದೇವಾಚಾರ್ಯರನ್ನು (1865–1961) ಹಾಡದೆ ಎದ್ದರೆ ಅದು ಕೊರತೆಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಶಯದಂತೆ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಅಷ್ಟೋತ್ತರ ಕೃತಿಗಳನ್ನು ಮಾಡಿದ್ದಾರೆ. ಜಯಚಾಮರಾಜ ಒಡೆಯರದು ಶ್ರೀವಿದ್ಯಾ ಅಂಕಿತದ 94 ಕೃತಿಗಳು. ಅಪರೂಪದ ರಾಗ ಬೇಕೆನ್ನುವವರಿಗೆ ಅಲ್ಲಿ ದೊಡ್ಡ ಭಂಡಾರವೇ ಇದೆ. ಮೈಸೂರು ಸದಾಶಿವರಾಯರೂ ಇದ್ದಾರೆ. ಇವರ ಒಂದು ರಚನೆಯನ್ನು ಕಚೇರಿಯ ನಡುವಿನಲ್ಲಿ, ಆಲಾಪನೆ ಸಮೇತ ಹಾಡಿ. ಮಂಗಳಕ್ಕೆ ಮುಂಚಿನ ಐದು ನಿಮಿಷದಲ್ಲಿ ಕನ್ನಡವನ್ನು ಮುಗಿಸಿಬಿಡುವ ರೂಢಿ ನಿಮ್ಮಿಂದಲಾದರೂ ಸಡಿಲವಾಗಲಿ.

6. ಸಾಹಿತ್ಯವನ್ನು ಬಿಡಿಸಿ ಓದಿ

ತೆಲುಗು, ಸಂಸ್ಕೃತ, ತಮಿಳು ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಪದ ಎಲ್ಲಿ ಒಡೆಯುತ್ತದೆ ಎಂದು ಗೆರೆ ಎಳೆಯಿರಿ. ಪ್ರತಿ ಸಾಲಿನ ಅರ್ಥ ಕನ್ನಡದಲ್ಲಿ ಎದುರಿಗೆ ಬರೆದಿರಲಿ. ನೆರವಲ್‌ಗೆ ಆರಿಸುವ ಸಾಲು ತನ್ನಷ್ಟಕ್ಕೆ ತಾನೇ ಪೂರ್ಣ ಅರ್ಥ ಕೊಡಬೇಕು, ಉಸಿರು ಪದದ ನಡುವೆ ತುಂಡಾಗಬಾರದು. ತೆಲುಗು ಬಲ್ಲ ಒಬ್ಬರು, ತಮಿಳು ಬಲ್ಲ ಒಬ್ಬರು ನಿಮ್ಮ ಉಚ್ಚಾರಣೆ ಕೇಳಿ ತಿದ್ದಲಿ. ನಮ್ಮ ಊರುಗಳಲ್ಲಿ ಅಂಥವರನ್ನು ಹುಡುಕುವುದು ಕಷ್ಟವಲ್ಲ.

7. ಪಲ್ಲವಿ ಸರಳವಾಗಿರಲಿ, ಲೆಕ್ಕ ಬಿಗಿಯಾಗಿರಲಿ

ಪದವಿಯ ಪರೀಕ್ಷೆಗೆ ಎರಡು ಕಳೆಯ ಆದಿತಾಳ ಧಾರಾಳವಾಗಿ ಸಾಕು. ಲಘುವಿನಲ್ಲಿ ಪೂರ್ವಾಂಗ ಮುಗಿದು, ಮೊದಲ ದ್ರುತದ ಪೆಟ್ಟಿನ ಮೇಲೆ ಪದಗರ್ಭ ನಿಚ್ಚಳವಾಗಿ ಬಂದು ಕೂರಬೇಕು. ತ್ರಿಕಾಲ, ತಿಶ್ರ ಮಾಡುವಾಗ ತಾಳದ ಕೈ ಒಂದಿಷ್ಟೂ ಅಲುಗಬಾರದು. ಅದಕ್ಕೆ ಉಪಾಯವೆಂದರೆ ಮೊದಲು ರಾಗವಿಲ್ಲದೆ, ಬರಿಯ ಸೊಲ್ಲುಗಳಲ್ಲಿ ಹೇಳಿ ರೂಢಿ ಮಾಡುವುದು. ಕಾಲ ಗಟ್ಟಿಯಾದ ಮೇಲೆ ಸ್ವರ, ಆಮೇಲೆ ಸಾಹಿತ್ಯ. ಪಲ್ಲವಿಯ ಸಾಹಿತ್ಯ ಕನ್ನಡದಲ್ಲೇ ಇರಬಹುದೇ ಎಂದು ಗುರುಗಳನ್ನು ಕೇಳಿ. ಒಂದೇ ಸಾಲು ತಾನೆ, ಚೆನ್ನಾಗಿ ಕಟ್ಟಬಹುದು.

8. ಮನೋಧರ್ಮಕ್ಕೆ ಬೇರೆ ಹೊತ್ತು ಮೀಸಲಿಡಿ

ಉರುಹೊಡೆದ ಆಲಾಪನೆ ಪರೀಕ್ಷಕರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಹಾಗೆಂದು ಏನೂ ಯೋಚಿಸದೆ ಕೂರುವುದೂ ಸಲ್ಲ. ರಾಗವನ್ನು ಹಂತಗಳಾಗಿ ಹಂಚಿಕೊಳ್ಳಿ: ಮಧ್ಯಷಡ್ಜದ ಸುತ್ತ, ಗಾಂಧಾರ, ಪಂಚಮ, ತಾರಷಡ್ಜ, ಇಳಿಕೆ. ಹಂತಗಳ ಕ್ರಮ ನಿಶ್ಚಯವಾಗಿರಲಿ, ಒಳಗಿನ ಸಂಚಾರ ದಿನಕ್ಕೊಂದು ಹುಟ್ಟಲಿ. ಸ್ವರಪ್ರಸ್ತಾರಕ್ಕೆ ಒಂದು ಮುಕ್ತಾಯವನ್ನು ಲೆಕ್ಕ ಹಾಕಿ ಇಟ್ಟುಕೊಳ್ಳಬಹುದು, ಅದು ತಪ್ಪಲ್ಲ. ಅದಕ್ಕೆ ಮುಂಚಿನ ಆವರ್ತನಗಳು ಮಾತ್ರ ಹಾಡುವ ಹೊತ್ತಿನಲ್ಲಿ ಹುಟ್ಟಬೇಕು. ವಾರಕ್ಕೊಮ್ಮೆ ಗೆಳೆಯರು ಒಂದು ರಾಗ ಹೇಳಲಿ, ನೀವು ತಕ್ಷಣ ಹಾಡಿ. ಭಯ ಕಳೆಯುವುದು ಹೀಗೆ.

9. ಪಕ್ಕವಾದ್ಯದವರನ್ನು ಎರಡು ತಿಂಗಳ ಮೊದಲೇ ಕಾಣಿರಿ

ಫೋನಿನಲ್ಲಿ ಮೊದಲು ಹೇಳಬೇಕಾದ್ದು ದಿನಾಂಕ ಮತ್ತು ಶ್ರುತಿ. ಐದೂವರೆ ಮನೆಯಲ್ಲಿ ಹಾಡುವ ಹುಡುಗಿಗೂ ಒಂದೂವರೆ ಮನೆಯಲ್ಲಿ ಹಾಡುವ ಹುಡುಗನಿಗೂ ಒಂದೇ ಮೃದಂಗ ನಡೆಯುವುದಿಲ್ಲ. ಒಂದು ವಾದ್ಯ ಏರಿಳಿಯುವ ಶ್ರುತಿಯ ವ್ಯಾಪ್ತಿ ಚಿಕ್ಕದು, ಅವರು ತಕ್ಕ ವಾದ್ಯವನ್ನೇ ತರಬೇಕು. ಪಟ್ಟಿಯನ್ನು ರಾಗ, ತಾಳ, ಎತ್ತುಗಡೆ, ಕಾಲಪ್ರಮಾಣ ಸಮೇತ ಒಂದೇ ಹಾಳೆಯಲ್ಲಿ ಬರೆದು ಕೊಡಿ. ಅಪರೂಪದ ರಾಗವಿದ್ದರೆ ಪಿಟೀಲಿನವರಿಗೆ ಧ್ವನಿಮುದ್ರಣ ಕಳಿಸಿ. ಎರಡು ಸಲವಾದರೂ ಜೊತೆಯಲ್ಲಿ ಕೂತು ಹಾಡಿ. ಒಮ್ಮೆ ಕಷ್ಟದ ಜಾಗಗಳನ್ನು ಮಾತ್ರ, ಇನ್ನೊಮ್ಮೆ ಪೂರ್ತಿ. “ಸರ್, ತನಿಗೆ ಎಂಟು ನಿಮಿಷ ಇದೆ, ಸರಿಹೋಗುತ್ತದೆಯೇ?” ಎಂದು ಮೊದಲೇ ಕೇಳಿದರೆ ಯಾವ ಹಿರಿಯರೂ ಬೇಸರಪಡುವುದಿಲ್ಲ. ಸಂಭಾವನೆಯನ್ನು ಲಕೋಟೆಯಲ್ಲಿಟ್ಟು ಅಂದೇ, ತಾಂಬೂಲದೊಂದಿಗೆ ಕೊಡಿ. ಗೆಳೆಯರೇ ನುಡಿಸಿದರೂ ಬರಿಗೈಯಲ್ಲಿ ಕಳಿಸಬೇಡಿ.

10. ಕೊನೆಯ ತಿಂಗಳು: ನಿಲ್ಲಿಸದೆ ಹಾಡಿ

ಬಿಡಿ ಕೃತಿಗಳ ಸಾಧನೆ ಬೇರೆ, ಒಂದೂವರೆ ಗಂಟೆ ಚಕ್ಕಳಮಕ್ಕಳ ಹಾಕಿ ಕೂತು ತಾಳ ಹಾಕುತ್ತ ಹಾಡುವುದೇ ಬೇರೆ. ಬೆನ್ನು, ಮಂಡಿ, ಉಸಿರು ಎಲ್ಲಕ್ಕೂ ಅದರ ರೂಢಿ ಬೇಕು. ವಾರಕ್ಕೊಮ್ಮೆ ವರ್ಣದಿಂದ ಮಂಗಳದವರೆಗೆ, ತಪ್ಪಿದರೂ ನಿಲ್ಲಿಸದೆ ಹಾಡಿ. ಅಂದು ಉಡುವ ಸೀರೆಯನ್ನು ಒಮ್ಮೆ ಉಟ್ಟು ಕೂತು ನೋಡಿ. ಧ್ವನಿಮುದ್ರಿಸಿಕೊಳ್ಳಿ, ಕೇಳುವುದು ಮಾರನೆಯ ದಿನ. ಅದೇ ಸಂಜೆ ಕೇಳಿದರೆ ಆಯಾಸ ಕಿವಿಯನ್ನು ಕೆಡಿಸಿರುತ್ತದೆ. ಕೇಳಿದ ಮೇಲೆ ಮೂರೇ ತಿದ್ದುಪಡಿ ಬರೆದುಕೊಳ್ಳಿ: ಶ್ರುತಿ ಎಲ್ಲಿ ಇಳಿಯಿತು, ಕಾಲ ಎಲ್ಲಿ ಓಡಿತು, ಪದ ಎಲ್ಲಿ ಮಸುಕಾಯಿತು. ಪರೀಕ್ಷೆಯ ವಾರದಲ್ಲಿ ಹಾಡುವುದನ್ನು ಅರ್ಧಕ್ಕೆ ಇಳಿಸಿ, ಮನಸ್ಸಿನಲ್ಲಿ ಹಾಡಿಕೊಳ್ಳುವುದನ್ನು ಹೆಚ್ಚಿಸಿ.

11. ಗಂಟಲಿನ ವಿಷಯದಲ್ಲಿ ನಂಬಿಕೆಗಿಂತ ತಿಳಿವಳಿಕೆ ದೊಡ್ಡದು

ಕುಡಿದ ನೀರು ನೇರವಾಗಿ ಧ್ವನಿತಂತುಗಳ ಮೇಲೆ ಬೀಳುವುದಿಲ್ಲ. ಅದು ಅನ್ನನಾಳಕ್ಕೆ ಹೋಗಿ, ಮೈಯೊಳಗಿಂದ ತೇವ ಕೊಡಬೇಕು. ಆದ್ದರಿಂದ ವೇದಿಕೆಯ ಮೇಲೆ ಗಟಗಟ ಕುಡಿಯುವುದಕ್ಕಿಂತ ಹಿಂದಿನ ದಿನದಿಂದಲೇ ಕುಡಿಯುತ್ತಿರಬೇಕು. ತಂತುಗಳನ್ನು ನೇರವಾಗಿ ತಲುಪುವುದು ಹಬೆ. ಕರಕರ ಎಂದು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಬಿಡಿ, ಒಂದು ಗುಟುಕು ನೀರು ನುಂಗಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿದ್ದರೆ ಹುಳಿತೇಗು ಗಂಟಲಿಗೆ ಏರುವುದು ಕಡಿಮೆ. ನೆಗಡಿ ಮಾತ್ರೆಗಳಲ್ಲಿ ಹಲವು ಗಂಟಲನ್ನು ಒಣಗಿಸುತ್ತವೆ. ವೈದ್ಯರಿಗೆ “ನಾನು ಹಾಡುವವಳು” ಎಂದು ಹೇಳಿಯೇ ಔಷಧಿ ಬರೆಸಿಕೊಳ್ಳಿ. ಸ್ವರ ಒಡೆದು ಎರಡು-ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ನೆಚ್ಚಿ ಕೂರದೆ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ.

12. ವೇದಿಕೆಗೆ ಒಂದು ಗಂಟೆ ಮುಂಚೆ

ಮೃದಂಗಕ್ಕೆ ರವೆ ಹಚ್ಚಿ ಶ್ರುತಿ ಕೂಡಿಸಲು ಹೊತ್ತು ಬೇಕು, ಎಸಿ ಕೋಣೆಯಲ್ಲಂತೂ ಇನ್ನೂ ಹೆಚ್ಚು. ಮೈಕಿನವರಿಗೆ ಎರಡೇ ಮಾತು ಹೇಳಿ: ನಿಮ್ಮ ಎದುರಿನ ಸ್ಪೀಕರಿನಲ್ಲಿ ತಂಬೂರಿ ಸ್ಪಷ್ಟವಾಗಿರಲಿ, ಪ್ರತಿಧ್ವನಿ ಬೇಡ. ಮೈಕು ಬಾಯಿಂದ ನಾಲ್ಕಾರು ಅಂಗುಲ ದೂರವಿರಲಿ, ಹಾಡುವಾಗ ತಲೆ ಆಡಿಸಬೇಡಿ. ತಪ್ಪಾದರೆ ಮುಖ ಕಿವುಚಬೇಡಿ. ಸಾಹಿತ್ಯ ಮರೆತರೆ ಪಲ್ಲವಿಗೆ ಮರಳಿ, ತಾಳ ತಪ್ಪಿದರೆ ಹಾಡು ನಿಲ್ಲಿಸಿ ಮೃದಂಗದ ಸಮಕ್ಕೆ ಕಿವಿಗೊಟ್ಟು ಸೇರಿಕೊಳ್ಳಿ. ಪಿಟೀಲಿನವರು ಆ ಒಂದು ಆವರ್ತನವನ್ನು ತುಂಬಿಕೊಡುತ್ತಾರೆ.

13. ಹಾಡಿದ ಮೇಲೂ ಪರೀಕ್ಷೆ ಇದೆ

ಪರೀಕ್ಷಕರು ನೀವು ಹಾಡಿದ್ದರ ಬಗ್ಗೆಯೇ ಕೇಳುತ್ತಾರೆ. ಯಾವ ಮೇಳದ ಜನ್ಯ, ಯಾವ ಸ್ವರಕ್ಕೆ ಎಂಥ ಗಮಕ, ಈ ಸಾಲನ್ನೇ ನೆರವಲ್‌ಗೆ ಏಕೆ ತೆಗೆದುಕೊಂಡಿರಿ. ದರ್ಬಾರ್ ಹಾಡಿದ್ದರೆ ನಾಯಕಿಯಿಂದ ಅದು ಹೇಗೆ ಬೇರೆ, ಆರಭಿ ಹಾಡಿದ್ದರೆ ದೇವಗಾಂಧಾರಿಯಿಂದ ಹೇಗೆ ಬೇರೆ ಎಂದು ಹಾಡಿ ತೋರಿಸಲು ಸಿದ್ಧರಿರಿ. ಪ್ರತಿ ಕೃತಿಗೂ ಹೀಗೆ ಒಂದು ಪುಟದ ಟಿಪ್ಪಣಿ ಬರೆದಿಟ್ಟುಕೊಳ್ಳಿ.

ಈ ಪಟ್ಟಿ, ಈ ಧ್ವನಿಮುದ್ರಣ, ಈ ಟಿಪ್ಪಣಿ ಪರೀಕ್ಷೆಯ ನಂತರವೂ ಕೆಲಸಕ್ಕೆ ಬರುತ್ತವೆ. ಆಕಾಶವಾಣಿಯ ಧ್ವನಿಪರೀಕ್ಷೆಗೆ, ರಾಮನವಮಿ ಸಂಗೀತೋತ್ಸವದ ಕಿರಿಯರ ಕಚೇರಿಗೆ ಅರ್ಜಿ ಹಾಕುವಾಗ ಅರ್ಧ ಸಿದ್ಧತೆ ಆಗಲೇ ಮುಗಿದಿರುತ್ತದೆ. ಕೊನೆಯ ವರ್ಷಕ್ಕೆ ಕಾಲಿಟ್ಟಿರುವವರು ಈ ವಾರವೇ ಗುರುಗಳ ಮನೆಗೆ ಒಂದು ನೋಟ್‌ಬುಕ್ ಹಿಡಿದು ಹೋಗಿ, ಮೊದಲ ಪಟ್ಟಿ ಬರೆದುಕೊಂಡು ಬನ್ನಿ.