ನಿಲ್ದಾಣದ ಪಾರ್ಕಿಂಗ್ ಜಾಗದಲ್ಲಿ ಮಿಶ್ರ ಆದಾಯದ ವಸತಿ: ಲೆಕ್ಕ ಎಲ್ಲಿಂದ ಆರಂಭವಾಗಬೇಕು?

ರಾಮನಗರ ಹಾಗೂ ಚನ್ನಪಟ್ಟಣ ರೈಲು ನಿಲ್ದಾಣಗಳೆರಡೂ ಅಮೃತ ಭಾರತ ನಿಲ್ದಾಣ ಯೋಜನೆಯ ಪಟ್ಟಿಯಲ್ಲಿ ಸೇರಿವೆ. ನಿಲ್ದಾಣವೊಂದು ಸುಧಾರಣೆಗೊಂಡಾಗ ಅದರ ಮುಂಭಾಗದ ವಾಹನ ನಿಲುಗಡೆ ಜಾಗವೂ ವಿಸ್ತಾರಗೊಳ್ಳುವುದು ವಾಡಿಕೆ. ಊರಿನ ಅತ್ಯಂತ ಬೆಲೆಬಾಳುವ ನೆಲವು ಹೀಗೆ ಹಗಲೆಲ್ಲ ನಿಂತ ವಾಹನಗಳಿಗೆ ಮೀಸಲಾಗಿ, ರಾತ್ರಿ ಬರಿದಾಗುತ್ತದೆ. ಅದೇ ನೆಲದ ಮೇಲೆ ಬೇರೆ ಬೇರೆ ಆದಾಯದ ಕುಟುಂಬಗಳಿಗೆ ಮನೆಗಳನ್ನು ಕಟ್ಟಬಹುದೇ, ಕಟ್ಟಿದರೆ ಅದರ ಹೊರೆ ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆ ನಗರ ಯೋಜಕರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಬಿಡದಿ ಮತ್ತು ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ದಿಮೆದಾರರು, ರಾಮನಗರದ ನೂಲು ಬಿಚ್ಚಾಣಿಕೆದಾರರು, ಚನ್ನಪಟ್ಟಣದ ಬೊಂಬೆ ತಯಾರಕರು ಇವರೆಲ್ಲರ ಕೆಲಸಗಾರರು ಎಲ್ಲಿ ವಾಸಿಸುತ್ತಾರೆ, ಕೆಲಸಕ್ಕೆ ಬಂದು ಹೋಗಲು ಎಷ್ಟು ಖರ್ಚು ಮಾಡುತ್ತಾರೆ ಎಂಬುದು ಕೊನೆಗೆ ಕೂಲಿಯ ದರದಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಈ ವಿಚಾರ ನಮ್ಮ ನಾಡಿಗೆ ತೀರ ಹೊಸದೂ ಅಲ್ಲ. ರಾಮನಗರವು 1800ರ ಸುಮಾರಿಗೆ ಪೂರ್ಣಯ್ಯನವರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿನಿಂದ ಹೆದ್ದಾರಿಯ ಬದಿಯಲ್ಲಿ ನೆಲೆಗೊಂಡ ಊರು. ಹಳೆಯ ಪೇಟೆಗಳಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ಪಕ್ಕದ ಓಣಿಯಲ್ಲಿ ಕಸುಬುದಾರರ ವಾಸ. ಸಾಹುಕಾರನೂ ಹಮಾಲಿಯೂ ಕೂಗಳತೆಯಲ್ಲಿದ್ದರು. ಮಿಶ್ರ ಆದಾಯದ ವಸತಿ ಎಂಬ ಮಾತು ಆಗ ಇರಲಿಲ್ಲ, ಅಷ್ಟೆ.

2017ರ ರಾಷ್ಟ್ರೀಯ ಸಾರಿಗೆ ಆಧಾರಿತ ಅಭಿವೃದ್ಧಿ ನೀತಿಯು ನಿಲ್ದಾಣದಿಂದ 500ರಿಂದ 800 ಮೀಟರ್ ಒಳಗಿನ, ಅಂದರೆ ಹತ್ತು ನಿಮಿಷಗಳ ನಡಿಗೆಯ, ಪ್ರದೇಶವನ್ನು ಪ್ರಭಾವ ವಲಯವೆಂದು ಪರಿಗಣಿಸುತ್ತದೆ. ಅಲ್ಲಿ ಅನುಮತಿಸಿದ ಎಫ್.ಎ.ಆರ್.ನ ಕನಿಷ್ಠ ಶೇ. 30ರಷ್ಟು ಭಾಗ ಕೈಗೆಟುಕುವ ಬೆಲೆಯ ವಸತಿಗೆ ಮೀಸಲಾಗಬೇಕೆಂಬುದು ಅದರ ಸಲಹೆ. ರೈಲ್ವೆಯ ಕಡೆಯಿಂದ ನೋಡಿದರೆ, 2005ರಲ್ಲಿ ರೈಲ್ವೆ ಕಾಯ್ದೆಗೆ ತಂದ ತಿದ್ದುಪಡಿಯ ಅನ್ವಯ ರೂಪುಗೊಂಡ ರೈಲ್ವೆ ಭೂ ಅಭಿವೃದ್ಧಿ ಪ್ರಾಧಿಕಾರವು, ಇಲಾಖೆಯ ಬಳಕೆಗೆ ಬೇಡವಾದ ನೆಲವನ್ನು ದೀರ್ಘಾವಧಿ ಗುತ್ತಿಗೆಗೆ ಕೊಡುವ ಅಧಿಕಾರ ಹೊಂದಿದೆ. ನೀತಿಯೂ ಇದೆ, ನೆಲವನ್ನು ಕೊಡುವ ಸಂಸ್ಥೆಯೂ ಇದೆ. ಇನ್ನು ಉಳಿದಿರುವುದು ಲೆಕ್ಕ.

ಒಂದು ಎಕರೆಯ ಲೆಕ್ಕ

ಮುಂದಿನ ಅಂಕಿಗಳು ಉದಾಹರಣೆಗಾಗಿ ಊಹಿಸಿಕೊಂಡವು. ಯಾವುದೇ ನಿರ್ದಿಷ್ಟ ನಿಲ್ದಾಣದವಲ್ಲ. ಸದಸ್ಯರು ತಮ್ಮ ಊರಿನ ದರಗಳನ್ನು ಹಾಕಿ ಇದೇ ಕ್ರಮದಲ್ಲಿ ಲೆಕ್ಕ ಮಾಡಿಕೊಳ್ಳಬಹುದು.

ಒಂದು ಎಕರೆ ಎಂದರೆ 43,560 ಚದರ ಅಡಿ, ಸುಮಾರು 4,047 ಚದರ ಮೀಟರ್. ಓಡಾಟದ ದಾರಿಯೂ ಸೇರಿ ಒಂದು ಕಾರಿಗೆ 25ರಿಂದ 30 ಚದರ ಮೀಟರ್ ಬೇಕಾಗುವುದರಿಂದ ಅಲ್ಲಿ ಸುಮಾರು 150 ಕಾರುಗಳು ನಿಲ್ಲಬಹುದು. ದಿನಕ್ಕೆ ರೂ. 30ರಂತೆ, ವರ್ಷಕ್ಕೆ 300 ದಿನ ಜಾಗ ಪೂರ್ತಿ ತುಂಬಿದರೂ ಆದಾಯ ರೂ. 13.5 ಲಕ್ಷ. ನೆಲದ ಬೆಲೆಯನ್ನು ಚದರ ಅಡಿಗೆ ರೂ. 3,000 ಎಂದಿಟ್ಟುಕೊಂಡರೆ ಆಸ್ತಿಯ ಮೌಲ್ಯ ಸುಮಾರು ರೂ. 13.07 ಕೋಟಿ. ಅಂದರೆ ಪ್ರತಿಫಲ ವರ್ಷಕ್ಕೆ ಶೇ. 1ರ ಆಸುಪಾಸು. ತನ್ನ ಗೋದಾಮು ಇಷ್ಟೇ ಆದಾಯ ಕೊಡುತ್ತಿದ್ದರೆ ಯಾವ ವರ್ತಕನೂ ಸುಮ್ಮನಿರಲಾರ. ಸಾರ್ವಜನಿಕ ಸಂಸ್ಥೆಗಳ ಲೆಕ್ಕಪತ್ರದಲ್ಲಿ ಹಳೆಯ ನೆಲವು ಕೊಂಡಂದಿನ ಬೆಲೆಯಲ್ಲಿಯೇ ನಿಂತಿರುವುದರಿಂದ ಈ ನಷ್ಟ ಎಲ್ಲಿಯೂ ಕಾಣುವುದಿಲ್ಲ.

ಈಗ ಅದೇ ಎಕರೆಯಲ್ಲಿ ಎಫ್.ಎ.ಆರ್. 2 ದೊರೆತು 8,000 ಚದರ ಮೀಟರ್ ಕಟ್ಟಬಹುದೆಂದು ಭಾವಿಸೋಣ. ನೆಲಮಟ್ಟದಲ್ಲಿ 800 ಚದರ ಮೀಟರ್ ಅಂಗಡಿಗಳು, ಶೇ. 30ರಂತೆ 2,400 ಚದರ ಮೀಟರಿನಲ್ಲಿ ತಲಾ 40 ಚದರ ಮೀಟರಿನ, ಎಂದರೆ ನಾಲ್ಕೂಕಾಲು ಚದರದ, 60 ಸಣ್ಣ ಮನೆಗಳು. ಉಳಿದ 4,800ರಲ್ಲಿ ತಲಾ 80 ಚದರ ಮೀಟರಿನ 60 ದೊಡ್ಡ ಮನೆಗಳು. ಮೆಟ್ಟಿಲು, ಪಡಸಾಲೆಗಳ ಪಾಲೂ ಈ ಅಳತೆಯಲ್ಲಿಯೇ ಅಡಗಿದೆ. ಕಟ್ಟಡದ ವೆಚ್ಚ ಚದರ ಮೀಟರಿಗೆ ರೂ. 20,000 ಆದರೆ ಸಣ್ಣ ಮನೆಯೊಂದಕ್ಕೆ ತಗಲುವುದು ರೂ. 8 ಲಕ್ಷ.

ನೆಲದ ಬೆಲೆಯನ್ನು ಎಲ್ಲ ಮನೆ, ಅಂಗಡಿಗಳಿಗೆ ಸಮನಾಗಿ ಹಂಚಿದರೆ ಚದರ ಮೀಟರಿಗೆ ಸುಮಾರು ರೂ. 16,300 ಕೂಡುತ್ತದೆ. ಸಣ್ಣ ಮನೆಯ ಪಾಲು ರೂ. 6.53 ಲಕ್ಷ, ಮನೆ ರೂ. 14.5 ಲಕ್ಷಕ್ಕೆ ಏರುತ್ತದೆ. ಸಣ್ಣ ಮನೆಗಳನ್ನು ನೆಲದ ಬೆಲೆಯಿಂದ ಬಿಡುಗಡೆ ಮಾಡಬೇಕಾದರೆ ರೂ. 3.92 ಕೋಟಿಯನ್ನು ದೊಡ್ಡ ಮನೆಗಳೂ ಅಂಗಡಿಗಳೂ ಹೊರಬೇಕು. ಆಗ ದೊಡ್ಡ ಮನೆಯ ಬೆಲೆ ರೂ. 29.07 ಲಕ್ಷದಿಂದ ಸುಮಾರು ರೂ. 34.67 ಲಕ್ಷಕ್ಕೆ, ಎಂದರೆ ಚದರ ಅಡಿಗೆ ರೂ. 4,000ಕ್ಕಿಂತ ತುಸು ಮೇಲಕ್ಕೆ ಹೋಗುತ್ತದೆ. ಊರಿನ ಮಾರುಕಟ್ಟೆ ಈ ದರವನ್ನು ಒಪ್ಪಿದರೆ ಯೋಜನೆ ನಿಲ್ಲುತ್ತದೆ. ಒಪ್ಪದಿದ್ದರೆ ಮೊದಲು ಕೈಬಿಡುವುದು ಸಣ್ಣ ಮನೆಗಳನ್ನೇ. ನೆಲದ ಒಡೆತನವುಳ್ಳ ಸಂಸ್ಥೆಯು ಪೂರ್ತಿ ಬೆಲೆಯನ್ನು ಒಮ್ಮೆಗೇ ಕೇಳದೆ ವರ್ಷಕ್ಕೆ ಶೇ. 3ರಂತೆ ಗುತ್ತಿಗೆ ಬಾಡಿಗೆ ಪಡೆಯುವುದಾದರೆ ಅದಕ್ಕೆ ರೂ. 39 ಲಕ್ಷ ಸಿಗುತ್ತದೆ. ಇದು ಪಾರ್ಕಿಂಗ್ ಶುಲ್ಕದ ಸುಮಾರು ಮೂರು ಪಟ್ಟು; ಕಟ್ಟುವವನ ಮೇಲಿನ ಆರಂಭಿಕ ಹೊರೆಯೂ ಇಳಿಯುತ್ತದೆ.

ಮರೆತುಹೋಗುವ ಬಾಬತ್ತು

ಇಲ್ಲಿಯವರೆಗಿನ ಲೆಕ್ಕವನ್ನು ಎಲ್ಲರೂ ಮಾಡುತ್ತಾರೆ. ಯೋಜನೆಗಳು ಎಡವುವುದು ಇದರ ನಂತರದ ಬಾಬತ್ತಿನಲ್ಲಿ. ನೆಲದ ಮೇಲಿದ್ದ 150 ಕಾರುಗಳ ಜಾಗವನ್ನು ಅಷ್ಟಕ್ಕಷ್ಟೇ ಮರಳಿ ಕಟ್ಟಿಕೊಡಬೇಕೆಂದು ಟೆಂಡರಿನಲ್ಲಿ ಒಂದು ಸಾಲು ಸೇರಿಕೊಳ್ಳುತ್ತದೆ. ನೋಡಲು ನಿರುಪದ್ರವಿಯಾದ ಸಾಲು. ಆದರೆ ಬಹುಮಹಡಿ ಪಾರ್ಕಿಂಗಿನಲ್ಲಿ ಕಾರೊಂದಕ್ಕೆ 30 ಚದರ ಮೀಟರ್, ಚದರ ಮೀಟರಿಗೆ ರೂ. 12,000 ಎಂದರೂ ತಲಾ ರೂ. 3.6 ಲಕ್ಷ, ಒಟ್ಟು ರೂ. 5.4 ಕೋಟಿ. ಇದನ್ನು 8,000 ಚದರ ಮೀಟರಿಗೆ ಹಂಚಿದರೆ ನಾಲ್ಕೂಕಾಲು ಚದರದ ಮನೆಯ ಮೇಲೆ ರೂ. 2.7 ಲಕ್ಷ ಬೀಳುತ್ತದೆ. ಕಾರು ಇಲ್ಲದ ಕುಟುಂಬವು ಬೇರೆಯವರ ಕಾರಿನ ನೆರಳಿಗೆ ಹಣ ತೆತ್ತಂತಾಯಿತು. ನೆಲದ ಬೆಲೆಯೂ ಪಾರ್ಕಿಂಗಿನ ಪಾಲೂ ಎರಡೂ ಸೇರಿದರೆ ಸಣ್ಣ ಮನೆ ರೂ. 17.2 ಲಕ್ಷವಾಗಿ, ಶೇ. 9ರ ಬಡ್ಡಿಯಲ್ಲಿ 20 ವರ್ಷಗಳ ಕಂತು ತಿಂಗಳಿಗೆ ಸುಮಾರು ರೂ. 15,500ಕ್ಕೆ ಮುಟ್ಟುತ್ತದೆ. ಯಾವ ಮಗ್ಗದ ಅಥವಾ ಫಿಲೇಚರಿನ ಕೆಲಸಗಾರನಿಗೂ ಇದು ನಿಲುಕದ ಮಾತು.

ರಾಮನಗರ, ಚನ್ನಪಟ್ಟಣಗಳಲ್ಲಿ ನಿಲ್ದಾಣಕ್ಕೆ ಬರುವವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ದ್ವಿಚಕ್ರ ವಾಹನಗಳಲ್ಲಿ ಬಂದು, ಅಲ್ಲಿ ನಿಲ್ಲಿಸಿ, ರೈಲು ಹತ್ತುವವರು. ಒಂದು ದ್ವಿಚಕ್ರ ವಾಹನಕ್ಕೆ ದಾರಿ ಸೇರಿ ಎರಡೂವರೆ ಚದರ ಮೀಟರ್ ಸಾಕು. 500 ವಾಹನಗಳಿಗೆ 1,250 ಚದರ ಮೀಟರ್, ಅದೇ ದರದಲ್ಲಿ ರೂ. 1.5 ಕೋಟಿ, ಸಣ್ಣ ಮನೆಯ ಪಾಲು ರೂ. 75,000 ಮಾತ್ರ. ನೆಲದ ಬೆಲೆಯಿಂದ ವಿನಾಯಿತಿ ಪಡೆದ ಮನೆ ಹೀಗೆ ರೂ. 8.75 ಲಕ್ಷಕ್ಕೆ ನಿಂತು, ಕಂತು ಸುಮಾರು ರೂ. 7,900ಕ್ಕೆ ಇಳಿಯುತ್ತದೆ. ಆದುದರಿಂದ ಗುತ್ತಿಗೆದಾರ ಯಾರು, ಮನೆಯ ಬೆಲೆ ಎಷ್ಟು ಎಂಬ ಚರ್ಚೆಗೆ ಮೊದಲೇ ಎಷ್ಟು ಕಾರು, ಎಷ್ಟು ದ್ವಿಚಕ್ರ ವಾಹನ ಎಂಬ ಎಣಿಕೆ ಮುಗಿದಿರಬೇಕು. ಒಂದು ವಾರ ನಿಲ್ದಾಣದ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನಿಂತ ವಾಹನಗಳನ್ನು ಎಣಿಸುವ ಕೆಲಸವನ್ನು ಸ್ಥಳೀಯ ವರ್ತಕರ ಸಂಘವೇ ಮಾಡಿಸಬಹುದು. ಸಂತೆಯ ದಿನವೂ ಗೂಡಿನ ಮಾರುಕಟ್ಟೆಯ ಭರಾಟೆಯ ದಿನಗಳೂ ಆ ವಾರದಲ್ಲಿ ಬರುವಂತೆ ನೋಡಿಕೊಳ್ಳಬೇಕು.

ಪಾರ್ಕಿಂಗ್ ಕಡಿಮೆಯಾದರೆ ಗಿರಾಕಿಗಳು ಬರುವುದಿಲ್ಲವೆಂಬ ಅಂಗಡಿಕಾರರ ಆತಂಕವನ್ನು ತಳ್ಳಿಹಾಕುವಂತಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯು ರಾಮನಗರ ಮತ್ತು ಚನ್ನಪಟ್ಟಣವನ್ನು ಬಳಸಿಕೊಂಡು ಹೋದ ಮೇಲೆ, ಹಳೆಯ ರಸ್ತೆಯ ಬೊಂಬೆ ಅಂಗಡಿಗಳೂ ಹೋಟೆಲುಗಳೂ ದಾರಿಹೋಕ ಗಿರಾಕಿಗಳನ್ನು ಕಳೆದುಕೊಂಡಿವೆ. ಆದರೆ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ ಬೆಂಗಳೂರಿಗೆ ಹೋಗುವವನು ಊರಿನ ಗಿರಾಕಿಯಲ್ಲ. ಅವನ ಖರೀದಿ ಬೆಂಗಳೂರಿನಲ್ಲಿಯೇ ಆಗುತ್ತದೆ. ನಿಲ್ದಾಣದ ಪಕ್ಕದಲ್ಲಿ ಮನೆ ಮಾಡಿದ 120 ಕುಟುಂಬಗಳು ಮಾತ್ರ ದಿನಸಿಯನ್ನು ಊರಿನಲ್ಲಿಯೇ ಕೊಳ್ಳುತ್ತವೆ.

ಎರಡು ಅನುಭವಗಳು

ನೆಲಮಟ್ಟದ ಅಂಗಡಿಗಳ ವಿಷಯದಲ್ಲಿ ಎಚ್ಚರ ಅಗತ್ಯ. ಜೆನರ್ಮ್ ಯೋಜನೆಯ ನೆರವಿನಿಂದ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು ಶಾಂತಿನಗರ, ಜಯನಗರ, ಕೆಂಗೇರಿ, ಬನಶಂಕರಿ ಮೊದಲಾದೆಡೆ ಟಿ.ಟಿ.ಎಂ.ಸಿ. ಕಟ್ಟಡಗಳನ್ನು ನಿರ್ಮಿಸಿತು. ಬಸ್ ನಿಲ್ದಾಣ, ಅದರ ಜೊತೆಗೆ ಪಾರ್ಕಿಂಗ್ ಮತ್ತು ವಾಣಿಜ್ಯ ಮಳಿಗೆಗಳು ಎಂಬ ಕಲ್ಪನೆ. ಹಲವೆಡೆ ಮಳಿಗೆಗಳು ವರ್ಷಗಟ್ಟಲೆ ಖಾಲಿ ಉಳಿದವು. ಅಲ್ಲಿ ಇಲ್ಲದಿದ್ದುದು ಮನೆಗಳು. ಬಸ್ಸು ಹಿಡಿಯುವ ಆತುರದವನು ಮೂರನೆಯ ಮಹಡಿಗೆ ಬಟ್ಟೆ ಕೊಳ್ಳಲು ಹತ್ತುವುದಿಲ್ಲ. ಮೇಲಿನ ಮಹಡಿಯಲ್ಲಿ ವಾಸಿಸುವವರು ಸಂಜೆ ಹಾಲು, ತರಕಾರಿ, ಔಷಧಿಗೆ ಕೆಳಗಿಳಿಯುತ್ತಾರೆ.

ಇನ್ನೊಂದು ಅನುಭವ ಅಮೆರಿಕದ ಓಕ್‌ಲ್ಯಾಂಡ್ ನಗರದ ಫ್ರೂಟ್‌ವೇಲ್ ನಿಲ್ದಾಣದ್ದು. 1991ರಲ್ಲಿ ಅಲ್ಲಿಯ ರೈಲು ಸಂಸ್ಥೆ ಬಹುಮಹಡಿ ಪಾರ್ಕಿಂಗ್ ಕಟ್ಟಡ ಕಟ್ಟಲು ಮುಂದಾಯಿತು. ಅದು ನಿಲ್ದಾಣವನ್ನು ಪೇಟೆಯಿಂದ ಬೇರ್ಪಡಿಸುತ್ತದೆಂದು ಸ್ಥಳೀಯರು ವಿರೋಧಿಸಿದರು. ಸ್ಥಳೀಯ ಸಂಘಟನೆಯ ಮುಂದಾಳತ್ವದಲ್ಲಿ ಪರ್ಯಾಯ ಯೋಜನೆ ಸಿದ್ಧಗೊಂಡು, 2004ರಲ್ಲಿ ಮನೆ, ಅಂಗಡಿ, ಗ್ರಂಥಾಲಯ, ಚಿಕಿತ್ಸಾಲಯಗಳಿಂದ ಕೂಡಿದ ಮೊದಲ ಹಂತ ತೆರೆಯಿತು. ಹದಿಮೂರು ವರ್ಷಗಳ ಶ್ರಮಕ್ಕೆ ದೊರೆತ ಮನೆಗಳು 47. ಅವುಗಳಲ್ಲಿ ಕಡಿಮೆ ಆದಾಯದವರಿಗೆ ಮೀಸಲಾದವು 10. ಹಳೆಯ ಪಾರ್ಕಿಂಗ್ ಜಾಗಗಳನ್ನು ಮರಳಿ ಕಟ್ಟುವ ಹೊಣೆ ಆ ಯೋಜನೆಯ ಮೇಲೂ ಇತ್ತು ಎಂಬುದನ್ನು ಗಮನಿಸಿದರೆ ಸಂಖ್ಯೆ ಏಕೆ ಸಣ್ಣದೆಂದು ತಿಳಿಯುತ್ತದೆ.

ತೆರಿಗೆ ಮತ್ತು ಸಾಲ

2019ರ ಏಪ್ರಿಲ್ 1ರಿಂದ ನಿರ್ಮಾಣ ಹಂತದ ಮನೆಗಳ ಮೇಲಿನ ಜಿ.ಎಸ್.ಟಿ. ಶೇ. 5, ಕೈಗೆಟುಕುವ ವರ್ಗಕ್ಕೆ ಶೇ. 1. ಈ ವರ್ಗಕ್ಕೆ ಬೆಲೆ ರೂ. 45 ಲಕ್ಷದ ಒಳಗಿರಬೇಕು. ಕಾರ್ಪೆಟ್ ವಿಸ್ತೀರ್ಣ ಮಹಾನಗರಗಳಲ್ಲಿ 60, ಇತರೆಡೆ 90 ಚದರ ಮೀಟರ್ ಮೀರಬಾರದು. ಮೇಲಿನ ಉದಾಹರಣೆಯ ದೊಡ್ಡ ಮನೆಯೂ ರಾಮನಗರದಲ್ಲಿ ಶೇ. 1ರಲ್ಲಿಯೇ ಬರುತ್ತದೆ. ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿಗೆ ನೀಡಿತು. ಹೆಸರಿನಲ್ಲಿ ಬೆಂಗಳೂರು ಸೇರಿದ ಮಾತ್ರಕ್ಕೆ ತೆರಿಗೆಯ ಮಿತಿ ಬದಲಾಗುವುದಿಲ್ಲ. ನೋಡಬೇಕಾದುದು ಮಹಾನಗರದ ವ್ಯಾಪ್ತಿಯನ್ನು ಗೊತ್ತುಪಡಿಸಿದ ಆದೇಶವನ್ನು. ಈ ದರಗಳಲ್ಲಿ ಹೂಡುವಳಿ ತೆರಿಗೆ ಜಮೆ ಸಿಗದ ಕಾರಣ ಸಿಮೆಂಟಿನ ತೆರಿಗೆ ನೇರವಾಗಿ ವೆಚ್ಚಕ್ಕೆ ಸೇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 28ರಿಂದ 18ಕ್ಕೆ ಇಳಿದಿರುವುದು ಸಣ್ಣ ಮನೆಗಳಿಗೆ ಅನುಕೂಲ.

ಸಣ್ಣ ಮನೆಗಳನ್ನು ಮಾರದೆ ಕೆಲಸಗಾರರಿಗೆ ಬಾಡಿಗೆಗೆ ಕೊಡುವುದೂ ಒಂದು ದಾರಿ. 2024ರಲ್ಲಿ ಅನುಮೋದನೆಗೊಂಡ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆ 2.0ರ ನಾಲ್ಕು ವಿಭಾಗಗಳಲ್ಲಿ ಬಾಡಿಗೆ ವಸತಿಯೂ ಒಂದು. ಇಲ್ಲಿ ಉದ್ದಿಮೆದಾರರು ಒಂದು ಸೂಕ್ಷ್ಮವನ್ನು ಅರಿತಿರಬೇಕು. 2022ರ ಜುಲೈ 18ರಿಂದ, ಜಿ.ಎಸ್.ಟಿ. ನೋಂದಣಿ ಇರುವ ಸಂಸ್ಥೆ ತನ್ನ ಹೆಸರಿನಲ್ಲಿ ವಾಸದ ಮನೆಯನ್ನು ಬಾಡಿಗೆಗೆ ಪಡೆದರೆ ಶೇ. 18ರ ತೆರಿಗೆಯನ್ನು ತಾನೇ ಹಿಮ್ಮುಖ ಪಾವತಿ ಕ್ರಮದಲ್ಲಿ ಕಟ್ಟಬೇಕು. ನೋಂದಣಿ ಇಲ್ಲದ ಕೆಲಸಗಾರ ತನ್ನದೇ ಹೆಸರಿನಲ್ಲಿ ಕರಾರು ಮಾಡಿಕೊಂಡರೆ ಆ ತೆರಿಗೆ ಇಲ್ಲ. ಮುಂಗಡ ಹಣಕ್ಕೆ ಮಾಲೀಕ ನೆರವಾಗಿ, ಕರಾರು ಕೆಲಸಗಾರನ ಹೆಸರಿನಲ್ಲಿರುವುದು ಲೇಸು.

ಗುತ್ತಿಗೆ ನೆಲದ ಮನೆಗೆ ಬ್ಯಾಂಕುಗಳು ಸಾಲ ಕೊಡುವಾಗ ಉಳಿದ ಗುತ್ತಿಗೆ ಅವಧಿಯನ್ನೂ, ಅಡಮಾನಕ್ಕೆ ನೆಲದ ಒಡೆಯನ ಒಪ್ಪಿಗೆಯನ್ನೂ ಕೇಳುತ್ತವೆ. ಆ ಒಪ್ಪಿಗೆಯನ್ನು ಮೂಲ ಕರಾರಿನಲ್ಲಿಯೇ ಬರೆಸಿಕೊಳ್ಳದಿದ್ದರೆ ಪ್ರತಿಯೊಬ್ಬ ಖರೀದಿದಾರನೂ ಕಚೇರಿಗೆ ಅಲೆಯಬೇಕಾಗುತ್ತದೆ. ರೇರಾ ಕಾಯ್ದೆಯ ಪ್ರಕಾರ ಖರೀದಿದಾರರಿಂದ ಬಂದ ಹಣದ ಶೇ. 70 ಪ್ರತ್ಯೇಕ ಖಾತೆಯಲ್ಲಿರಬೇಕಾದುದರಿಂದ ಆರಂಭದ ದುಡಿಮೆ ಬಂಡವಾಳವನ್ನು ಕಡಿಮೆ ಅಂದಾಜು ಮಾಡಬಾರದು. ಲಿಫ್ಟು, ಜನರೇಟರುಗಳ ನಿರ್ವಹಣೆ ಮತ್ತೊಂದು ತೊಡಕು. ಮನೆಗೆ ಇಷ್ಟೆಂದು ಸಮನಾಗಿ ವಸೂಲು ಮಾಡಿದರೆ ಸಣ್ಣ ಮನೆಯವರು ಎರಡೇ ವರ್ಷಗಳಲ್ಲಿ ಬಾಕಿದಾರರಾಗುತ್ತಾರೆ. ವಿಸ್ತೀರ್ಣಕ್ಕೆ ತಕ್ಕಂತೆ ವಸೂಲು ಮಾಡಿ, ಅಂಗಡಿ ಬಾಡಿಗೆಯ ಒಂದು ಭಾಗವನ್ನು ನಿರ್ವಹಣಾ ನಿಧಿಗೆ ಕಟ್ಟಿಡುವುದು ಉತ್ತಮ.

ಕನಕಪುರಕ್ಕೂ ಮಾಗಡಿಗೂ ರೈಲು ಇಲ್ಲ. ಅಲ್ಲಿಯವರ ಪಾಲಿಗೆ ನಿಲ್ದಾಣವೆಂದರೆ ಬಸ್ ನಿಲ್ದಾಣ, ಇಲ್ಲವೇ ಬೆಂಗಳೂರಿನ ಅಂಚಿನ ಮೆಟ್ರೋ. ಕನಕಪುರ ರಸ್ತೆಯಲ್ಲಿ ರೇಷ್ಮೆ ಸಂಸ್ಥೆ ನಿಲ್ದಾಣ 2021ರಿಂದಲೂ, ಮೈಸೂರು ರಸ್ತೆಯಲ್ಲಿ ಚಲ್ಲಘಟ್ಟ ನಿಲ್ದಾಣ 2023ರಿಂದಲೂ ಕೆಲಸ ಮಾಡುತ್ತಿವೆ. ಅಲ್ಲಿ ಆಗಬೇಕಾದುದು ಇರುವುದರ ತಿದ್ದುಪಡಿ. ಮಾಗಡಿಯ ಸ್ಥಿತಿ ಬೇರೆ. ಹೊಸಹಳ್ಳಿಯಿಂದ ಮಾಗಡಿ ರಸ್ತೆಯ ಕಡಬಗೆರೆವರೆಗಿನ 12.5 ಕಿ.ಮೀ. ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್ 16ರಂದು ಅನುಮೋದನೆ ನೀಡಿದೆ. ಮಾಗಡಿಯಿಂದ ಬರುವ ಬಸ್ಸು, ದ್ವಿಚಕ್ರ ವಾಹನಗಳೆಲ್ಲ ಕಡಬಗೆರೆಯಲ್ಲಿಯೇ ನಿಲ್ಲುವುದು ನಿಶ್ಚಿತ. ಅಲ್ಲಿ ಪಾರ್ಕಿಂಗ್ ಕಟ್ಟಡ ಎದ್ದರೂ ಅದರ ತಳಪಾಯವೂ ಕಂಬಗಳೂ ಮುಂದೆ ನಾಲ್ಕಾರು ವಸತಿ ಮಹಡಿಗಳ ಭಾರ ಹೊರುವಂತೆ ಈಗಲೇ ವಿನ್ಯಾಸಗೊಂಡಿರಬೇಕು. ಕಟ್ಟಿ ಮುಗಿದ ಮೇಲೆ ಕಂಬಗಳನ್ನು ಬಲಪಡಿಸುವ ಖರ್ಚು ಮತ್ತೆ ಆ ನಾಲ್ಕೂಕಾಲು ಚದರದ ಮನೆಯ ಮೇಲೆಯೇ ಬೀಳುತ್ತದೆ.