ಬಳಸಿದ ಕೈಗಾರಿಕಾ ಹೊಲಿಗೆ ಯಂತ್ರ: ನ್ಯಾಯವಾದ ಬೆಲೆಯನ್ನು ನಿರ್ಣಯಿಸುವ ಬಗೆ

ಸಿದ್ಧ ಉಡುಪು ಕಾರ್ಖಾನೆಗಳು ಹೊಸ ಯಂತ್ರಗಳನ್ನು ಅಳವಡಿಸಿಕೊಂಡಾಗ ಹಳೆಯವು ಮಾರಾಟಕ್ಕೆ ಬರುತ್ತವೆ. ಅಲ್ಪ ಬಂಡವಾಳದಲ್ಲಿ ಸ್ವಂತ ಉದ್ಯೋಗ ಆರಂಭಿಸಬಯಸುವ ದರ್ಜಿಗಳಿಗೆ ಇದೊಂದು ಅನುಕೂಲವೇ ಸರಿ. ಆದರೆ ಬಣ್ಣ ಬಳಿದು ಹೊಳಪುಗೊಳಿಸಿದ ಯಂತ್ರಗಳೆಲ್ಲವೂ ಉತ್ತಮ ಸ್ಥಿತಿಯಲ್ಲಿರುವುದಿಲ್ಲ. ಸಾಲ ಮಾಡಿ ಕೊಂಡ ಯಂತ್ರ ಕೆಟ್ಟು ಕುಳಿತರೆ ದುಡಿಮೆ ನಿಲ್ಲುತ್ತದೆ. ಸಾಲದ ಕಂತು ನಿಲ್ಲುವುದಿಲ್ಲ. ಆದಕಾರಣ ಬೆಲೆಯ ಲೆಕ್ಕವನ್ನು ಮಾರುವವರು ಹೇಳಿದ ಮೊತ್ತದಿಂದ ಆರಂಭಿಸದೆ, ಹೊಸ ಯಂತ್ರದ ಇಂದಿನ ಬೆಲೆಯಿಂದ ಆರಂಭಿಸುವುದು ಕ್ಷೇಮಕರ.

ಹೊಸ ಯಂತ್ರದ ಬೆಲೆ

ಅದೇ ಮಾದರಿಯ ಅಥವಾ ಅದಕ್ಕೆ ಸಮನಾದ ಹೊಸ ಯಂತ್ರಕ್ಕೆ ಮೇಜು, ಸ್ಟ್ಯಾಂಡು, ಮೋಟಾರು ಹಾಗೂ ತೆರಿಗೆ ಸೇರಿ ಎಷ್ಟಾಗುವುದೆಂದು ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸಬೇಕು. ಹೊಲಿಗೆ ಯಂತ್ರಗಳ ಮೇಲಿನ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಆದ್ದರಿಂದ ಅದಕ್ಕೂ ಹಿಂದಿನ ಖರೀದಿ ರಸೀದಿಯನ್ನು ಬೆಲೆಗೆ ಅಳತೆಗೋಲಾಗಿ ಒಪ್ಪಿಕೊಳ್ಳಬಾರದು.

ಯಂತ್ರದ ಪರೀಕ್ಷೆ

ಮೊದಲು ವಿದ್ಯುತ್ ಸಂಪರ್ಕ ತೆಗೆದು, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಎಲ್ಲಿಯೂ ಬಿಗಿಯಾಗಬಾರದು, ಸೂಜಿ ಹಿಡಿದ ದಂಡ ಅಲುಗಾಡಬಾರದು. ಬಾಬಿನ್ ಬಳಿಯ ಹುಕ್ಕಿನ ಮೊನೆ ಮೊಂಡಾಗಿದೆಯೇ, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳು ಸವೆದಿವೆಯೇ ಎಂಬುದನ್ನು ನೋಡಬೇಕು. ಕೆಳಗಿನ ತೊಟ್ಟಿಯ ಎಣ್ಣೆಯಲ್ಲಿ ಲೋಹದ ಪುಡಿ ಕಂಡುಬಂದರೆ ಒಳಭಾಗಗಳು ಸವೆದಿವೆಯೆಂದು ತಿಳಿಯಬೇಕು.

ಬಳಿಕ ತೆಳುವಾದ ಹತ್ತಿಬಟ್ಟೆಯ ಎರಡು ಪದರ ಹಾಗೂ ಜೀನ್ಸ್ ಬಟ್ಟೆಯ ನಾಲ್ಕು ಪದರಗಳನ್ನು ನಿಧಾನವಾಗಿಯೂ ವೇಗವಾಗಿಯೂ ಹೊಲಿದು ನೋಡಬೇಕು. ಜೂಕಿ ಡಿಡಿಎಲ್-8700ರಂತಹ ಯಂತ್ರದ ಗರಿಷ್ಠ ವೇಗ ನಿಮಿಷಕ್ಕೆ 5,500 ಹೊಲಿಗೆ. ನಿಧಾನವಾಗಿ ನಡೆಸಿದಾಗ ಅಡಗಿರುವ ದೋಷಗಳು ವೇಗ ಹೆಚ್ಚಿದಾಗ ಹೊಲಿಗೆ ತಪ್ಪುವುದು, ದಾರ ತುಂಡಾಗುವುದು, ಕರ್ಕಶ ಶಬ್ದ ಮೊದಲಾದ ರೂಪದಲ್ಲಿ ಹೊರಬೀಳುತ್ತವೆ. ತಾನಾಗಿ ಎಣ್ಣೆ ಹರಿಯುವ ಯಂತ್ರವಾದರೆ, ಅದು ಓಡುವಾಗ ಮೇಲಿನ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಾಣಬೇಕು.

ಮೋಟಾರು

ಕ್ಲಚ್ ಮೋಟಾರು ಹೊಲಿಗೆ ನಿಂತಾಗಲೂ ತಿರುಗುತ್ತಿದ್ದು ವಿದ್ಯುತ್ತನ್ನು ಬಳಸುತ್ತದೆ. ಸರ್ವೊ ಮೋಟಾರು ಪೆಡಲನ್ನು ಒತ್ತಿದಾಗ ಮಾತ್ರ ತಿರುಗುತ್ತದೆ. ಕಾರ್ಖಾನೆಯ ಮೋಟಾರು ತ್ರೀ ಫೇಸಿನದಾಗಿದ್ದರೆ ಮನೆಯ ಸಿಂಗಲ್ ಫೇಸ್ ಸಂಪರ್ಕದಲ್ಲಿ ಅದು ನೇರವಾಗಿ ನಡೆಯದು. ಆಗ ಮೋಟಾರನ್ನು ಬದಲಿಸುವ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಬೆಲೆಯ ಲೆಕ್ಕ

ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರೋಪಕರಣಗಳ ಮೌಲ್ಯವನ್ನು ಪ್ರತಿವರ್ಷ ಉಳಿಕೆ ಮೊತ್ತದ ಮೇಲೆ ಶೇ. 15ರಂತೆ ಇಳಿಸಲಾಗುತ್ತದೆ. ಇದು ಮಾರುಕಟ್ಟೆಯ ಬೆಲೆಯಲ್ಲವಾದರೂ ಚೌಕಾಸಿಗೆ ಒಂದು ಆಧಾರವಾಗಬಲ್ಲದು. ಉದಾಹರಣೆಗೆ, ಹೊಸ ಯಂತ್ರದ ಬೆಲೆ ರೂ. 30,000 ಎಂದಿಟ್ಟುಕೊಂಡರೆ, ನಾಲ್ಕು ವರ್ಷ ಬಳಸಿದ ಯಂತ್ರದ ಮೌಲ್ಯ ಸುಮಾರು ರೂ. 15,660 ಆಗುತ್ತದೆ. ಮೋಟಾರಿನ ಬದಲಾವಣೆಗೆ ರೂ. 5,000, ಹುಕ್ಕು ಮತ್ತು ಹಲ್ಲುಗಳಿಗೆ ರೂ. 1,500, ಸಾಗಣೆಗೆ ರೂ. 1,000 ಬೇಕಾದಲ್ಲಿ, ಮಾರುವವರಿಗೆ ಕೊಡಬಹುದಾದ ಬೆಲೆ ರೂ. 8,160ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಮೊತ್ತಗಳು ವಿವರಣೆಗಾಗಿ ಮಾತ್ರ. ಆಯಾ ಊರಿನ ದರಗಳನ್ನು ವಿಚಾರಿಸಿ ಲೆಕ್ಕ ಹಾಕಬೇಕು. ಯಂತ್ರವು ದಿನಕ್ಕೆ ಎರಡು ಪಾಳಿ ದುಡಿದಿದ್ದರೆ ವರ್ಷಗಳ ಲೆಕ್ಕಕ್ಕಿಂತ ಹೆಚ್ಚು ಸವೆದಿರುತ್ತದೆ ಎಂಬುದನ್ನು ಮರೆಯಬಾರದು. ಬಿಡಿಭಾಗಗಳು ಊರಿನಲ್ಲಿಯೇ ದೊರೆಯದ ಮಾದರಿಯು ಎಷ್ಟೇ ಅಗ್ಗವಾದರೂ ಕೊನೆಗೆ ದುಬಾರಿಯೇ.

ದಾಖಲೆಗಳು

ಯಂತ್ರದ ಮೇಲಿನ ಕ್ರಮಸಂಖ್ಯೆ ಮೂಲ ರಸೀದಿಯೊಡನೆ ತಾಳೆಯಾಗಬೇಕು. ಯಂತ್ರವು ಬ್ಯಾಂಕಿನ ಸಾಲಕ್ಕೆ ಆಧಾರವಾಗಿಲ್ಲವೆಂದು ಮಾರುವವರಿಂದ ಲಿಖಿತ ಹೇಳಿಕೆ ಪಡೆಯುವುದು ಒಳಿತು. ಕ್ರಮಸಂಖ್ಯೆಯನ್ನು ನಮೂದಿಸಿದ ರಸೀದಿ ಕೈಗೆ ಬಂದ ನಂತರವೇ ಪೂರ್ಣ ಹಣವನ್ನು ಪಾವತಿ ಮಾಡತಕ್ಕದ್ದು. ಪರಿಚಿತ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ದರೆ ಅವರಿಗೆ ಕೊಡುವ ಕೂಲಿ ವ್ಯರ್ಥವಾಗದು. ಯಂತ್ರವನ್ನು ಓಡಿಸಿ ತೋರಿಸಲು ಒಪ್ಪದವರಿಂದ ಅದನ್ನು ಯಾವ ಬೆಲೆಗೂ ಕೊಳ್ಳದಿರುವುದೇ ಲೇಸು.