ಲೆಕ್ಸಿಂಗ್ಟನ್: ವಿದ್ಯಾಪೀಠ ಮತ್ತು ಅಶ್ವಗಳ ಊರು

ಅಮೆರಿಕೆಯ ಕೆಂಟಕಿ ಪ್ರಾಂತದ ಲೆಕ್ಸಿಂಗ್ಟನ್ ಪಟ್ಟಣಕ್ಕೆ ಹೋದವರು ಮೊದಲು ನೋಡತಕ್ಕದ್ದು ಟ್ರಾನ್ಸಿಲ್ವೇನಿಯಾ ವಿಶ್ವವಿದ್ಯಾಲಯವನ್ನು. 1780ರಲ್ಲಿ ಸ್ಥಾಪಿತವಾದ ಇದು ಅಲಿಗೇನಿ ಪರ್ವತಗಳ ಪಶ್ಚಿಮದಲ್ಲಿ ಉದಿಸಿದ ಪ್ರಥಮ ಉನ್ನತ ವಿದ್ಯಾಲಯ. ಲ್ಯಾಟಿನ್ ಮೂಲದ ಈ ಹೆಸರಿಗೆ ‘ಕಾಡಿನಾಚೆ’ ಎಂದರ್ಥ. ನಮ್ಮ ಹಿರಿಯರಾಗಿದ್ದರೆ ‘ವನಪಾರ’ವೆನ್ನುತ್ತಿದ್ದರೇನೋ! 1969ರಲ್ಲಿ ಅಗ್ನಿಗೆ ತುತ್ತಾದ ಅದರ ‘ಓಲ್ಡ್ ಮಾರಿಸನ್’ ಭವನವನ್ನು ಪುನಃ ಎತ್ತಿ ನಿಲ್ಲಿಸಿದ್ದಾರೆ.

ಊರ ಸುತ್ತಲೂ ಅಶ್ವಪಾಲನೆಯ ವಿಶಾಲ ಹುಲ್ಲುಗಾವಲುಗಳು. ನೆಲದಡಿಯ ಸುಣ್ಣಕಲ್ಲು ನೀರಿಗೂ ಹುಲ್ಲಿಗೂ ಸುಣ್ಣ, ರಂಜಕಗಳ ಅಂಶವನ್ನು ಊಡುವುದರಿಂದ ಅಲ್ಲಿ ಮೇದು ಬೆಳೆದ ಮರಿಗಳ ಮೂಳೆ ಗಟ್ಟಿಯಾಗುತ್ತದೆಂದು ಅಶ್ವಪಾಲಕರು ಹೇಳುತ್ತಾರೆ. ಆ ಹುಲ್ಲಿಗೆ ‘ನೀಲಿ ಹುಲ್ಲು’ ಎಂದು ಹೆಸರು. ಕಣ್ಣಿಗೆ ಮಾತ್ರ ಅದು ಹಸುರೇ. 1917ರಲ್ಲಿ ಇಲ್ಲಿ ಜನಿಸಿದ ‘ಮ್ಯಾನ್ ಓ ವಾರ್’ ಎಂಬ ಕುದುರೆ 21 ಪಂದ್ಯಗಳಲ್ಲಿ 20ನ್ನು ಗೆದ್ದಿತು. 1978ರಲ್ಲಿ ತೆರೆದ ಅಶ್ವೋದ್ಯಾನದಲ್ಲಿ ಅದರ ಸಮಾಧಿಯಿದೆ.

ಆದರೆ ‘ಪಶ್ಚಿಮದ ಅಥೆನ್ಸ್’ ಎನಿಸಿಕೊಂಡ ಈ ವಿದ್ಯಾನಗರಿಯ ಚೀಪ್‌ಸೈಡ್ ಚೌಕದಲ್ಲಿ ಅಂತರ್ಯುದ್ಧಕ್ಕೆ ಮುನ್ನ ಮನುಷ್ಯರನ್ನು ಹರಾಜು ಹಾಕುತ್ತಿದ್ದರೆಂಬುದನ್ನು ಅಧ್ಯಾಪಕರಾದ ನಾವು ಬಿಟ್ಟು ಓದಲಾಗದು. ಲಾಯಗಳಲ್ಲಿ ದುಡಿದವರೂ ಬಹುಮಟ್ಟಿಗೆ ಆ ದಾಸ್ಯಕ್ಕೆ ಒಳಗಾದ ಕಪ್ಪು ಜನರೇ. ಅದೇ ಜನಾಂಗದ ಸವಾರ ಐಸಾಕ್ ಮರ್ಫಿ 1884, 1890 ಹಾಗೂ 1891ರಲ್ಲಿ ಕೆಂಟಕಿ ಡರ್ಬಿಯನ್ನು ಗೆದ್ದವನು. 1896ರಲ್ಲಿ ತೀರಿಕೊಂಡ ಅವನ ಗೋರಿ ಎಲ್ಲಿದೆಯೆಂಬುದನ್ನೇ ಊರು ದಶಕಗಳ ಕಾಲ ಮರೆತಿತ್ತು. ಕಡೆಗೆ 1960ರ ದಶಕದಲ್ಲಿ ಅದನ್ನು ಹುಡುಕಿ ತೆಗೆದರು. ಈಗ ಅವನ ಸಮಾಧಿ ಅಶ್ವೋದ್ಯಾನದಲ್ಲಿ, ಆ ಕುದುರೆಯ ಸಮಾಧಿಗೆ ಸಮೀಪದಲ್ಲಿಯೇ ಇದೆ.